ಎರಡು ಸೀಸನ್‌ನಲ್ಲಿ ಮೂರನೇ ಬೂಮ್ ಮುರಿಯಿತು: ಮೈಭಾರ ಇರುವವರಿಗೆ ಯಾವುದು ತಾಳುತ್ತದೆ?

ಹಾಯಿಹುಚ್ಚ
ಭಾನುವಾರ ವಿಂಡ್‌ಸರ್ಫಿಂಗ್ ಮಾಡುವಾಗ ಮತ್ತೆ ಬೂಮ್ (ಹಾಯಿಯ ಎರಡೂ ಕಡೆ ಬರುವ, ಕೈಯಲ್ಲಿ ಹಿಡಿಯುವ ಕೊಳವೆ ಚೌಕಟ್ಟು) ಮುರಿಯಿತು. ಎರಡು ಸೀಸನ್‌ನಲ್ಲಿ ಇದು ಮೂರನೆಯದು. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ಥರ್ಡ್ ಅವೆನ್ಯೂ ದಡದಿಂದ ಹೊರಟು, ನಡು ನೀರಿನಲ್ಲಿ, ಇಳಿತ ಜೋರಾಗಿದ್ದಾಗಲೇ ಮುರಿಯಬೇಕಾ? ಬೋರ್ಡ್ ಮೇಲೆ ಮಲಗಿ ಕೈಯಲ್ಲಿ ನೀರು ಹೊಡೆದುಕೊಂಡು ದಡ ಸೇರುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ ಆಯಿತು. ಹೆಂಡತಿ ಪಾರ್ಕಿಂಗ್‌ನಲ್ಲಿ ಬೈನಾಕ್ಯುಲರ್ ಹಿಡಿದು ನಿಂತಿದ್ದಳು. ಅವಳ ಮುಖ ನೋಡಲು ಆಗಲಿಲ್ಲ.

ಅಂಗಡಿಯಲ್ಲಿ ಕೇಳಿದರೆ "ನೀವು ಜಾಸ್ತಿ ಜೋರಾಗಿ ಓಡಿಸ್ತೀರಿ" ಅಂದರು. ನಾನು ಹಾರುವವನಲ್ಲ. ಅಲೆ ಮೇಲೆ ಆಟ ಆಡುವವನೂ ಅಲ್ಲ. ನೇರ ಹೋಗುತ್ತೇನೆ, ತಿರುಗುತ್ತೇನೆ, ವಾಪಸ್ ಬರುತ್ತೇನೆ. ಅಷ್ಟೇ.

ದಯವಿಟ್ಟು ಹೇಳಿ, ಗಟ್ಟಿ ಬೂಮ್ ಯಾವುದು? ಮೂರಕ್ಕೆ ಕೊಟ್ಟ ದುಡ್ಡಿಗೆ ಒಂದು ಒಳ್ಳೆಯದೇ ಬರುತ್ತಿತ್ತು.

ಡೆಲ್ಟಾಗಾಳಿ
ಕಾರ್ಬನ್ ಫೈಬರ್ ಬೂಮ್ ತೆಗೆದುಕೊಳ್ಳಿ. ಮಾತು ಮುಗಿಯಿತು. ನಾನು ಆರು ವರ್ಷದಿಂದ ನದಿ ಡೆಲ್ಟಾದ ಶೆರ್ಮನ್ ಐಲ್ಯಾಂಡ್‌ನಲ್ಲಿ ಒಂದೇ ಕಾರ್ಬನ್ ಬೂಮ್ ಓಡಿಸುತ್ತಿದ್ದೇನೆ. ಇವತ್ತಿಗೂ ಹೊಸದರ ಹಾಗಿದೆ.

ಮೆಕ್ಯಾನಿಕಲ್98
ಸರ್, ನಿಮ್ಮ ತೂಕ ಎಷ್ಟು? ಸೇಲ್, ಅಂದರೆ ಹಾಯಿ, ಎಷ್ಟರದ್ದು? ಮುರಿದದ್ದು ಎಲ್ಲಿ? ತಲೆಯ (ಮಾಸ್ಟ್ ಅನ್ನುವ ಹಾಯಿಕಂಬಕ್ಕೆ ಕೂಡುವ ತುದಿ) ಹತ್ತಿರವಾ, ಹಾರ್ನೆಸ್ ಲೈನ್ (ಸೊಂಟದ ಪಟ್ಟಿಯ ಹುಕ್‌ಗೆ ಸಿಗಿಸುವ ಹಗ್ಗ) ಇರುವ ಜಾಗದಲ್ಲಾ, ಅಥವಾ ಹಿಂದೆಯಾ? ಇದು ಗೊತ್ತಿಲ್ಲದೆ ಏನು ಹೇಳಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಹಾಯಿಹುಚ್ಚ
ತೂಕ 240. ಸೇಲ್ ಇಲ್ಲಿ ಎಲ್ಲರೂ ಹಾಕುವುದೇ. ಮುರಿದದ್ದು ಬೂಮ್ ಕೈ, ಅಂದರೆ ಪಕ್ಕದ ಕೊಳವೆ. ಅಲ್ಯುಮಿನಿಯಂ, ಮೂರೂ ಬೇರೆ ಬೇರೆ ಕಂಪನಿಯದು. ನನಗೆ ಬೇಕಾಗಿರುವುದು ಒಂದು ಹೆಸರು, ಅಷ್ಟೇ.

ಪರ್ತ್‌ಬೀಸು
240 ಏನು, ಕಿಲೋನಾ?

ಡೆಲ್ಟಾಗಾಳಿ
ಪೌಂಡ್. ಅಮೆರಿಕದಲ್ಲಿ ಇರುವವರು ಪೌಂಡ್ ಅನ್ನದೆ ಇನ್ನೇನು ಅನ್ನುತ್ತಾರೆ?

ಪರ್ತ್‌ಬೀಸು
ಕನ್ನಡದಲ್ಲಿ ಬರೆಯುವಾಗ ಕಿಲೋ ಅನ್ನಬಹುದಲ್ವಾ? ಬೂಮ್ ಉದ್ದ ಸೆಂಟಿಮೀಟರಿನಲ್ಲಿ, ಸೇಲ್ ಚದರ ಮೀಟರಿನಲ್ಲಿ, ಮಾಸ್ಟ್ ಸೆಂಟಿಮೀಟರಿನಲ್ಲಿ. ತೂಕ ಮಾತ್ರ ಪೌಂಡ್ ಯಾಕೆ? ಓದುವವರು ಬೇರೆ ದೇಶಗಳಲ್ಲೂ ಇದ್ದಾರೆ.

ಮೆಕ್ಯಾನಿಕಲ್98
109 ಕಿಲೋ. ಮುಂದಕ್ಕೆ ಹೋಗೋಣ.

ಕಾರ್ಬನ್ ಅನ್ನುವ ಮೊದಲು ಒಂದು ಮಾತು. ಕೊಳವೆಯ ದಪ್ಪ ಎಷ್ಟು ಅಂತ ನೋಡಿ. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ 30 ಮಿ.ಮೀ.ನಿಂದ 26ಕ್ಕೆ ಇಳಿದರೆ, ಬಿಗಿ (ಬಾಗದೆ ನಿಲ್ಲುವ ಗುಣ) ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗುತ್ತದೆ. ತಡೆಯುವ ಭಾರ ಕಾಲುಭಾಗ ಕಡಿಮೆ. ಸಣ್ಣ ಕೊಳವೆ ಕೈಗೆ ಹಿತ, ಮುಂಗೈ ನೋಯುವುದಿಲ್ಲ ನಿಜ. ಗೋಡೆ ದಪ್ಪ ಮಾಡಿ ಸರಿದೂಗಿಸುವವರೂ ಇದ್ದಾರೆ. ಆದರೆ ಭಾರ ಇರುವವರು ಅಲ್ಯುಮಿನಿಯಂನಲ್ಲಿ ಸಣ್ಣ ಕೊಳವೆ ತೆಗೆದುಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು. ಟಿ6 ಅಂತ ಬರೆದಿದ್ದರೆ ಅದು ಲೋಹದ ಹೆಸರಲ್ಲ, ಅದಕ್ಕೆ ಕೊಟ್ಟ ಶಾಖದ ಸಂಸ್ಕಾರದ ಗುರುತು. ಲೋಹ ಯಾವುದು ಅಂತ ಬೇರೆ ಕೇಳಬೇಕು. 7075 ಅನ್ನುವ ಅಲ್ಯುಮಿನಿಯಂ ಮಿಶ್ರಲೋಹ 6061 ಅನ್ನುವುದಕ್ಕಿಂತ ತುಂಬಾ ಗಟ್ಟಿ. ಆದರೆ ಉಪ್ಪುನೀರಿಗೆ 6061ರಷ್ಟು ತಾಳುವುದಿಲ್ಲ.

ಡೆಲ್ಟಾಗಾಳಿ
ಇಷ್ಟೆಲ್ಲ ಲೆಕ್ಕ ಯಾಕೆ? ಕಾರ್ಬನ್‌ಗೆ ತುಕ್ಕಿಲ್ಲ, ಬಾಗುವುದಿಲ್ಲ. ಮುಂದಿನ ಕೈ ಎರಡೂ ತಲೆಯಲ್ಲಿ ಒಂದೇ ತುಂಡಾಗಿ ಬರುವ ಮಾದರಿ ತೆಗೆದುಕೊಂಡರೆ ಅಲ್ಲಿ ಕೀಲೇ ಇರುವುದಿಲ್ಲ. ಹಾಯಿಯನ್ನು ಎಳೆದೆಳೆದು ಪಂಪ್ ಮಾಡಿದಾಗ ಒದ್ದ ಹಾಗೆ ಬೋರ್ಡ್ ಮುಂದೆ ಹೋಗುತ್ತದೆ. ಬೆಲೆ ಅಲ್ಯುಮಿನಿಯಂನ ಎರಡು ಮೂರು ಪಟ್ಟು. ಅವರೇ ಹೇಳಿದ್ದಾರಲ್ಲ, ಮೂರಕ್ಕೆ ಆಗಲೇ ಕೊಟ್ಟಾಯಿತು ಅಂತ.

ಕಡಲೂರವ
ಮಾರಾಯ್ರೇ, ಕಾರ್ಬನ್ ಮುರಿಯುವುದಿಲ್ಲ ಅಂತ ಯಾರು ಹೇಳಿದ್ದು? ನನ್ನದು ಮುರಿದಿದೆ. ಅಲ್ಯುಮಿನಿಯಂ ಆದರೆ ಬಾಗಿ ಮುನ್ಸೂಚನೆ ಕೊಡುವುದುಂಟು. ಕಾರ್ಬನ್ ಕೊಡುವುದಿಲ್ಲ. ಬಂಡೆಗೆ ಒಂದು ಸಲ ತಾಗಿ ಸಣ್ಣ ಗೀರು ಬಿದ್ದಿತ್ತು. ಎರಡು ತಿಂಗಳು ಏನೂ ಆಗಲಿಲ್ಲ. ಒಂದು ದಿನ ಢಬ್ ಅಂತ ಹೋಯಿತು, ಅಷ್ಟೇ. ಥರ್ಡ್ ಅವೆನ್ಯೂ ದಡದ ತುಂಬಾ ಕಲ್ಲು. ಅಲ್ಲಿ ಕಾರ್ಬನ್ ಇಟ್ಟುಕೊಳ್ಳುವವರು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ನೀರಿಗೆ ಇಳಿಯಬೇಕು.

ಡೆಲ್ಟಾಗಾಳಿ
ಕಲ್ಲಿಗೆ ಹೊಡೆದರೆ ಕಾರ್ಬನ್ ತಪ್ಪಾ?

ಕಡಲೂರವ
ತಪ್ಪು ಅನ್ನಲಿಲ್ಲ. ಮಾತು ಮುಗಿಯಿತು ಅನ್ನಬೇಡಿ ಅಂದೆ.

ಹಳೇತೇಗ
ನಾನು ಕಲಿತದ್ದು ತೇಗದ ಮರದ ಬೂಮ್ ಮೇಲೆ. ಹಳೇ ವಿಂಡ್‌ಸರ್ಫರ್ ಬೋರ್ಡ್‌ಗಳಿಗೆ ತೇಗದ ಬೂಮೇ ಬರುತ್ತಿತ್ತು. ಮಾಸ್ಟಿಗೆ ಹಗ್ಗದಲ್ಲಿ ಕಟ್ಟಬೇಕಿತ್ತು. ಈಗಿನ ಹಾಗೆ ಕ್ಲಾಂಪ್ ಇರಲಿಲ್ಲ. ಕಟ್ಟು ಸಡಿಲವಾದರೆ ಬೂಮ್ ಜಾರಿ ಮೊಣಕಾಲಿಗೆ ಬರುತ್ತಿತ್ತು. ಆ ಬೂಮ್ ಇನ್ನೂ ಗ್ಯಾರೇಜಿನಲ್ಲಿದೆ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತೇನೆ. ಮೊಮ್ಮಗಳಿಗೆ ಅದರಲ್ಲೇ ಕಲಿಸಬೇಕು ಅಂತ ಆಸೆ.

ಪರ್ತ್‌ಬೀಸು
ಚೆಂದ! ಇಲ್ಲಿ ಪರ್ತ್‌ನಲ್ಲಿ ನಮಗೆ ಬೇಸಿಗೆ ಮಧ್ಯಾಹ್ನ ಕಡಲ ಗಾಳಿ ಬಂದೇ ಬರುತ್ತದೆ. ಫ್ರೀಮ್ಯಾಂಟಲ್ ಡಾಕ್ಟರ್ ಅಂತ ಹೆಸರು. ನನ್ನ ಹತ್ತಿರ ಈಗ 3.7ರಿಂದ 5.7ರವರೆಗೆ ಐದು ಸೇಲ್, ಎರಡು ಬೂಮ್, ಮಾಸ್ಟ್ ಎಲ್ಲ ಸಣ್ಣ ವ್ಯಾಸದ್ದು. ಫೋಟೋ ಹಾಕಿದ್ದೇನೆ, ಗೋಡೆಗೆ ಕೊಕ್ಕೆ ನಾನೇ ಹೊಡೆದದ್ದು.

ಡೆಲ್ಟಾಗಾಳಿ
ಕೊಕ್ಕೆ ಚೆನ್ನಾಗಿದೆ. ನನ್ನ ವ್ಯಾನ್ ಒಳಗಿನ ಫೋಟೋ ಕೆಳಗಿದೆ. ಬೂಮ್‌ಗಳನ್ನು ಸೂರಿಗೆ ಕಟ್ಟಿದ್ದೇನೆ, ಕೆಳಗೆ ಮಲಗಲು ಜಾಗ.

ಇನ್ನೊಬ್ಬ_ಕನ್ನಡಿಗ
ಇಷ್ಟು ಕಷ್ಟ ಯಾಕೆ? ಗಾಳಿ ತುಂಬಿದ ರೆಕ್ಕೆಯನ್ನು ಕೈಯಲ್ಲೇ ಹಿಡಿಯುವ ವಿಂಗ್ ಫಾಯಿಲ್‌ಗೆ ಬನ್ನಿ. ಹಾಯಿಗೆ ಮಾಸ್ಟೂ ಇಲ್ಲ.

ಕಡಲೂರವ
ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಒಬ್ಬರು ಒಂದೂಮುಕ್ಕಾಲು ಗಂಟೆ ನೀರಿನಲ್ಲಿದ್ದು ಬಂದಿದ್ದಾರೆ.

ಹಾಯಿಹುಚ್ಚ
ಧನ್ಯವಾದ ಕಡಲೂರವರೇ. ವ್ಯಾನ್, ಕೊಕ್ಕೆ ಎಲ್ಲ ನೋಡಿದೆ. ನನ್ನ ಪ್ರಶ್ನೆಗೆ ಉತ್ತರ ಮಾತ್ರ ಸಿಗಲಿಲ್ಲ. ಕಾರ್ಬನ್ ಸಹ ಮುರಿಯುತ್ತದೆ ಅಂದರೆ ನಾನು ಏನು ತೆಗೆದುಕೊಳ್ಳಲಿ? ಭಾರ ಇರುವವರು ಈ ಆಟ ಆಡಲೇಬಾರದಾ?

ಮೆಕ್ಯಾನಿಕಲ್98
ಖಂಡಿತ ಆಡಬೇಕು. 109 ಕಿಲೋ ದೊಡ್ಡ ವಿಷಯ ಅಲ್ಲ. ಆದರೆ ಮೂರು ವಿಷಯ ಇನ್ನೂ ಗೊತ್ತಾಗಬೇಕು. ಸೇಲ್ ಎಷ್ಟರದ್ದು, ಬೂಮ್ ಅಳತೆ ಎಷ್ಟರಿಂದ ಎಷ್ಟು, ಕೈಯಲ್ಲಿ ಎಲ್ಲಿ ಮುರಿಯಿತು. ಫೋಟೋ ಇದ್ದರೆ ಹಾಕಿ.

ಹಾಯಿಹುಚ್ಚ
ಸೇಲ್ 7.5. ನನ್ನ ತೂಕಕ್ಕೆ ಅದೇ ಬೇಕು, ಹತ್ತರಲ್ಲಿ ಎಂಟು ದಿನ ಅದೇ. ಬೂಮ್ 160ರಿಂದ 210. ಫೋಟೋ ಹಾಕಿದ್ದೇನೆ. ಉದ್ದ ಹೊಂದಿಸಲು ಹಿಂದಿನ ತುಂಡು ಬೂಮ್ ಕೈಯೊಳಗೆ ಹೋಗುತ್ತದಲ್ಲ, ಆ ಕ್ಲಿಪ್ ಹತ್ತಿರ. ಈಗ ನೆನಪಾಗುತ್ತಿದೆ, ಮೂರೂ ಹೆಚ್ಚು ಕಡಿಮೆ ಅಲ್ಲೇ ಹೋಗಿದ್ದು.

ಕಡಲೂರವ
ಅಯ್ಯೋ ದೇವರೇ. ಇದನ್ನು ಮೊದಲೇ ಹೇಳಬಾರದಿತ್ತಾ?

ಹಾಯಿಹುಚ್ಚ
ಬೂಮ್ ಎಲ್ಲರದ್ದೂ ಅಲ್ಲೇ ಮುರಿಯುತ್ತದೆ ಅಂದುಕೊಂಡಿದ್ದೆ.

ಮೆಕ್ಯಾನಿಕಲ್98
ಇಲ್ಲ ಸರ್. ಮೂರು ಕಂಪನಿ, ಜಾಗ ಒಂದೇ. ಅಂದರೆ ಕಂಪನಿಯ ಹೆಸರು ಬದಲಿಸಿದರೆ ನಾಲ್ಕನೆಯದೂ ಅಲ್ಲೇ ಹೋಗುತ್ತದೆ.

7.5 ಸೇಲಿಗೆ ಬೂಮ್ ಉದ್ದ ಎಷ್ಟು ಬರುತ್ತದೆ? ಸುಮಾರು 205, 208 ಇರಬೇಕು. ನಿಮ್ಮ ಬೂಮ್ 210ಕ್ಕೆ ಮುಗಿಯುತ್ತದೆ. ಕೊನೆಯ ತೂತಿನಲ್ಲಿ ಕ್ಲಿಪ್ ಹಾಕುತ್ತಿದ್ದೀರಿ, ಹೌದಾ?

ಹಾಯಿಹುಚ್ಚ
ಹೌದು, ಕೊನೆಯದು. ಅಲ್ಲಿ ತೂತು ಇದೆ ಅಂದಮೇಲೆ ಹಾಕಬಹುದು ಅಂತಲೇ ಅಲ್ವಾ?

ಮೆಕ್ಯಾನಿಕಲ್98
ಹಾಕಬಹುದು. ಆದರೆ 109 ಕಿಲೋ ಇರುವವರು ಹತ್ತರಲ್ಲಿ ಎಂಟು ದಿನ ಹಾಕಬಾರದು.

ಮಲೆನಾಡಿನ ಕಡೆ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕುತ್ತಾರೆ, ನೋಡಿರಬಹುದು. ಸಣ್ಣ ಹಳ್ಳಕ್ಕೆ ಒಂದು ಮರ ಸಾಕು, ದಾಟುವಾಗ ಅಲ್ಲಾಡುವುದೂ ಇಲ್ಲ. ಅದೇ ಮರವನ್ನು ಅಗಲದ ಹಳ್ಳಕ್ಕೆ ಹಾಕಿದರೆ ನಡುವೆ ತೂಗುತ್ತದೆ. ಬೂಮ್ ಅಂದರೆ ಸಂಕವೇ. ಒಂದು ತುದಿ ಮಾಸ್ಟ್ ಮೇಲೆ, ಇನ್ನೊಂದು ತುದಿ ಸೇಲಿನ ಹಿಂದಿನ ಮೂಲೆಯಲ್ಲಿ. ನಡುವೆ ನೀವು ತೂಗುತ್ತಿದ್ದೀರಿ. ಉದ್ದ 172ರಿಂದ 208ಕ್ಕೆ ಹೋದರೆ, ಅದೇ ಭಾರಕ್ಕೆ ಬಾಗುವುದು ಮುಕ್ಕಾಲು ಪಾಲು ಜಾಸ್ತಿ ಆಗುತ್ತದೆ.

ಅದರ ಮೇಲೆ ಇದು ಒಂದೇ ಮರ ಅಲ್ಲ, ಎರಡು ಮರ ಸೇರಿಸಿದ ಸಂಕ. ಹಿಂದಿನ ತುಂಡನ್ನು ಪೂರ್ತಿ ಹೊರಗೆ ಎಳೆದಾಗ ಒಳಗೆ ಉಳಿಯುವುದು ಗೇಣುದ್ದವೂ ಇರುವುದಿಲ್ಲ. ಬಾಗುವ ಬಲವೆಲ್ಲ ಆ ಸಣ್ಣ ಕೂಡುವ ಜಾಗಕ್ಕೆ ಬಂದು ಬೀಳುತ್ತದೆ. ಅಲ್ಲೇ ತೂತುಗಳೂ ಇವೆ. ಬಿರುಕು ಹುಟ್ಟುವುದು ತೂತಿನ ಅಂಚಿನಿಂದಲೇ. ದಿನಾ ಸಾವಿರ ಸಲ ಬಾಗಿ ಬಾಗಿ ಬೆಳೆಯುತ್ತದೆ. ನೇರ ಹೋಗಿ ನೇರ ಬಂದರೂ ಅಷ್ಟೇ, ಹಾರಲೇಬೇಕು ಅಂತಿಲ್ಲ.

ಡೆಲ್ಟಾಗಾಳಿ
ಒಪ್ಪಿದೆ. ನಾನು ಬೂಮ್ ಉದ್ದ ಕೇಳಬೇಕಿತ್ತು. ನನ್ನ ಕಾರ್ಬನ್ ಆರು ವರ್ಷ ಬಂದದ್ದಕ್ಕೆ ಅದೂ ಕಾರಣ ಇರಬೇಕು. ನಾನು ಯಾವತ್ತೂ ಮೂರನೇ ತೂತು ದಾಟಿಲ್ಲ.

ಕಡಲೂರವ
ಇನ್ನೂ ಒಂದು ಇದೆ. ಡೆಲ್ಟಾದಲ್ಲಿ ಹೆಚ್ಚಾಗಿ ಸಿಹಿನೀರು, ನಿಮ್ಮದು ತೊಳೆಯದಿದ್ದರೂ ನಡೆಯುತ್ತದೆ. ಫಾಸ್ಟರ್ ಸಿಟಿಯಲ್ಲಿ ಉಪ್ಪುನೀರು. ಹಾಯಿಹುಚ್ಚರೇ, ಹಿಂದಿನ ತುಂಡನ್ನು ಬಿಚ್ಚಿ ತೊಳೆಯುತ್ತೀರಾ? ಅದು ಅಲ್ಯುಮಿನಿಯಮ್ಮಾ, ಕಾರ್ಬನ್ನಾ?

ಹಾಯಿಹುಚ್ಚ
ಬಿಚ್ಚುವುದಿಲ್ಲ. ಹಾಗೇ ಗ್ಯಾರೇಜಿನಲ್ಲಿ ಇಡುತ್ತೇನೆ. ಹಿಂದಿನ ತುಂಡು ಕಾರ್ಬನ್, ಕೈ ಅಲ್ಯುಮಿನಿಯಂ.

ಕಡಲೂರವ
ಅಲ್ಯುಮಿನಿಯಂ, ಕಾರ್ಬನ್ ಎರಡು ತಾಗಿಕೊಂಡು ನಡುವೆ ಉಪ್ಪುನೀರು ನಿಂತರೆ ಬ್ಯಾಟರಿ ಸೆಲ್ ಆದ ಹಾಗೆ. ತಿನ್ನಿಸಿಕೊಳ್ಳುವುದು ಅಲ್ಯುಮಿನಿಯಂ. ಹೊರಗೆ ಗ್ರಿಪ್ ಚೆನ್ನಾಗಿ ಕಾಣುತ್ತದೆ, ಒಳಗೆ ಬಿಳಿ ಪುಡಿ ಏಳುತ್ತಾ ಇರುತ್ತದೆ. ಪ್ರತಿ ಸಲ ಬಂದಮೇಲೆ ಬಿಚ್ಚಿ, ಕೊಳವೆಯೊಳಗೆ ಎರಡು ನಿಮಿಷ ಸಿಹಿನೀರು ಬಿಡಿ, ತಲೆಕೆಳಗೆ ನಿಲ್ಲಿಸಿ ಒಣಗಿಸಿ. ನಮ್ಮ ಮುಲ್ಕಿ ಕಡೆ ದೋಣಿಯವರು ಇಂಜಿನ್ ತೊಳೆಯದೆ ಮನೆಗೆ ಹೋಗುವುದಿಲ್ಲ. ಇದೂ ಹಾಗೇ.

ಮೆಕ್ಯಾನಿಕಲ್98
ಈಗ ಖರೀದಿ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. 7.5ಕ್ಕೆ 200ರಿಂದ 250ರ ಬೂಮ್ ಬೇರೆಯೇ ಇಡುತ್ತಿದ್ದೆ. 208 ಅಂದರೆ ಕೆಲವೇ ತೂತು ಹೊರಗೆ, ಉಳಿದದ್ದೆಲ್ಲ ಕೈಯೊಳಗೆ. ಇದು ಮೊದಲ ನಿಯಮ. ಅಲ್ಯುಮಿನಿಯಮ್ಮಾ ಕಾರ್ಬನ್ನಾ ಅನ್ನುವುದು ಎರಡನೆಯದು. ದೊಡ್ಡ ಸೇಲ್, ದೊಡ್ಡ ಮೈ ಎರಡೂ ಇರುವಾಗ ಕಾರ್ಬನ್ನೇ ಒಳ್ಳೆಯದು. ಡೆಲ್ಟಾಗಾಳಿ ಅವರ ಮಾತು ಅಲ್ಲಿಗೆ ಸರಿ. ಆದರೆ ಹಿಂದಿನ ತುಂಡೂ ಕಾರ್ಬನ್ ಇರಲಿ, ಬೆರಕೆ ಬೇಡ. ಕಲ್ಲಿನ ದಡಕ್ಕೆ ಹೆದರಿಕೆ ಇದ್ದರೆ ದಪ್ಪ ಕೊಳವೆಯ ಅಲ್ಯುಮಿನಿಯಂ ನಡೆಯುತ್ತದೆ, ಬಿಗಿ ಸ್ವಲ್ಪ ಕಡಿಮೆ. ತಲೆ, ಹಿಂದಿನ ತುಂಡು, ಕ್ಲಿಪ್ ಬಿಡಿಯಾಗಿ ಸಿಗುತ್ತವಾ ಅಂತ ಕೇಳಿಯೇ ತೆಗೆದುಕೊಳ್ಳಿ.

ಹಾರ್ನೆಸ್ ಲೈನ್ ಪಟ್ಟಿಗಳನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಡಬೇಡಿ. ಅದರ ಕೆಳಗೂ ಉಪ್ಪು ಕೂರುತ್ತದೆ.

ಹಳೇತೇಗ
ಇನ್ನು ಮುಂದೆ ನಡು ನೀರಿನಲ್ಲಿ ಹೀಗಾದರೆ ಎಲ್ಲವನ್ನೂ ಸುತ್ತಿಕೊಂಡು ಈಜಲು ಹೊರಡಬೇಡಿ. ಒಂದು ಕೈ ಮುರಿದರೂ ಇನ್ನೊಂದು ಕೈ ಗಟ್ಟಿ ಇರುತ್ತದೆ. ಗಟ್ಟಿ ಕೈ ನಿಮಗೆ ಬೇಕಾದ ಕಡೆಗೆ ಇಲ್ಲದಿದ್ದರೆ, ಬೂಮ್ ಬಿಚ್ಚಿ ತಲೆಕೆಳಗೆ ಮಾಡಿ ಮತ್ತೆ ಹಾಕಿ. ಗಟ್ಟಿ ಕೈ ಆ ಕಡೆಗೆ ಬರುತ್ತದೆ. ನಿಧಾನವಾಗಿ, ಹುಕ್ ಹಾಕದೆ ದಡಕ್ಕೆ ಬರಬಹುದು. ಹಾರ್ನೆಸ್‌ನಲ್ಲಿ ಮೂರು ಮೀಟರ್ ಹಗ್ಗ ಇಟ್ಟುಕೊಳ್ಳಿ, ಮುರಿದದ್ದನ್ನು ಬಿಗಿದು ಕಟ್ಟಲು. ನಾನು ಎರಡು ಸಲ ಹಾಗೆ ವಾಪಸ್ ಬಂದಿದ್ದೇನೆ. ಇಳಿತ ಜೋರಾಗಿರುವಾಗ ಒಬ್ಬರೇ ದೂರ ಹೋಗಬೇಡಿ, ದಯವಿಟ್ಟು.

ಹಾಯಿಹುಚ್ಚ
ಹಿರಿಯರೇ, ಇದು ಯಾರೂ ಹೇಳಿಕೊಟ್ಟಿರಲಿಲ್ಲ. ಹೆಂಡತಿಗೂ ಓದಿ ಹೇಳಿದೆ.

200-250ರ ಕಾರ್ಬನ್ ಒಂದು ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ, ಕೊಯೋಟೆ ಪಾಯಿಂಟ್ ಹತ್ತಿರ. ಶನಿವಾರ ನೋಡಲು ಹೋಗುತ್ತೇನೆ. ಏನು ನೋಡಲಿ?

ಕಡಲೂರವ
ಹಿಂದಿನ ತುಂಡನ್ನು ಪೂರ್ತಿ ಎಳೆದು ನೋಡಿ. ಬರದಿದ್ದರೆ ಬೇಡ. ಗ್ರಿಪ್ ಮುಗಿಯುವ ಜಾಗದಲ್ಲಿ ಉಗುರು ಆಡಿಸಿ, ಗೀರು ಸಿಕ್ಕರೆ ಬೇಡ. ನಾಣ್ಯದಲ್ಲಿ ಕೈಯುದ್ದಕ್ಕೂ ತಟ್ಟುತ್ತಾ ಹೋಗಿ. ಒಂದು ಕಡೆ ಸದ್ದು ಮಂಕಾದರೆ ಪದರ ಬಿಟ್ಟಿದೆ ಅಂತ ಅನುಮಾನ ಪಡಿ. ತಲೆಯ ಕ್ಲಾಂಪ್ ನಿಮ್ಮ ಮಾಸ್ಟಿಗೆ ಕೂರುತ್ತದಾ ನೋಡಿ. ಸಣ್ಣ ವ್ಯಾಸದ ಮಾಸ್ಟ್ ಆದರೆ ಒಳಗೆ ಹಾಕುವ ಅಡಾಪ್ಟರ್ ಕೇಳಿ ತೆಗೆದುಕೊಳ್ಳಿ, ಮಾರುವವರು ಅದನ್ನು ಮರೆಯುತ್ತಾರೆ.

ಹಾಯಿಹುಚ್ಚ
ಸರಿ. ಇನ್ನೊಂದು ಕೇಳಬೇಕಿತ್ತು. ನಿಮ್ಮ ಮಾತು ಓದಿ ನನ್ನ ನಾಲ್ಕನೇ ಬೂಮ್ ಬಿಚ್ಚಲು ಹೋದೆ. 5.7ಕ್ಕೆ ಅಂತ ಇಟ್ಟಿರುವುದು, ಅಲ್ಯುಮಿನಿಯಂ, ಮುರಿದಿಲ್ಲ. ಹಿಂದಿನ ತುಂಡು ಬರುತ್ತಲೇ ಇಲ್ಲ. ಮಗನೂ ನಾನೂ ಎರಡು ಕಡೆ ಹಿಡಿದು ಎಳೆದೆವು.

ಕಡಲೂರವ
ಸುತ್ತಿಗೆ ಮುಟ್ಟಬೇಡಿ. ರಾತ್ರಿಯಿಡೀ ಸಿಹಿನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಕೂಡುವ ಜಾಗಕ್ಕೆ ಸ್ವಲ್ಪ ವಿನೆಗರ್ ಬಿಟ್ಟು ಅರ್ಧ ಗಂಟೆ ಕಾಯಿರಿ, ಆಮೇಲೆ ತೊಳೆಯಿರಿ. ಹೊರಗಿನ ಕೊಳವೆಗೆ ಮಾತ್ರ ಬಿಸಿನೀರು ಹೊಯ್ಯಿರಿ, ಅದು ಮೊದಲು ಹಿಗ್ಗುತ್ತದೆ. ಆಗ ಎರಡೂ ಕೈಗಳನ್ನು ಒಂದೊಂದು ಸಲ ಸ್ವಲ್ಪ ಸ್ವಲ್ಪ ಎಳೆಯಿರಿ. ಒಂದನ್ನೇ ಪೂರ್ತಿ ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಹಾಯಿಹುಚ್ಚ
ಬಂತು! ಮೂರನೇ ಸಲ ಬಿಸಿನೀರು ಹಾಕಿದಾಗ. ಒಳಗಿನಿಂದ ಒಂದು ಚಮಚದಷ್ಟು ಬಿಳಿ ಪುಡಿ, ಮರಳು ಬಿದ್ದವು. ಕೊಳವೆಯ ಒಳಗೆ ಬೆರಳು ಹಾಕಿದರೆ ಒಂದು ಕಡೆ ಸಣ್ಣ ಗುಂಡಿಗಳು ಸಿಗುತ್ತವೆ. ಫೋಟೋ ಹಾಕುತ್ತೇನೆ. ಇದನ್ನು ಇನ್ನೂ ಉಪಯೋಗಿಸಬಹುದಾ?

ಮೆಕ್ಯಾನಿಕಲ್98
ಫೋಟೋ ಹಾಕಿ. ಗುಂಡಿ ತೂತಿನಿಂದ ಎಷ್ಟು ದೂರ ಇದೆ ಅಂತ ಅಳೆದು ಬರೆಯಿರಿ, ಸೆಂಟಿಮೀಟರಿನಲ್ಲಿ.