ಫ್ರೀಜರ್‌ನಲ್ಲಿ ಐಸ್ ಗಟ್ಟಿ, ಕೆಳಗೆ ಹಾಲು ಒಡೆಯುತ್ತಿದೆ. ಗ್ಯಾಸ್ ಹೋಗಿದೆಯಾ?

ನೀಲಿ_ಛತ್ರಿ:

ನಮ್ಮದು ಎರಡು ಬಾಗಿಲಿನ ಫ್ರಿಜ್, ಮೇಲೆ ಫ್ರೀಜರ್. ಬಾಗಿಲ ಮೇಲೆ ಫ್ರಾಸ್ಟ್ ಫ್ರೀ ಅಂತ ಸ್ಟಿಕ್ಕರ್ ಇದೆ. ಇತ್ತೀಚೆಗೆ ಒಂದು ವಿಚಿತ್ರ ಶುರುವಾಗಿದೆ. ಮೇಲೆ ಐಸ್ ಚೆನ್ನಾಗಿ ಕಟ್ಟುತ್ತದೆ, ಐಸ್‌ಕ್ರೀಮ್‌ಗೆ ಚಮಚವೇ ಇಳಿಯುವುದಿಲ್ಲ. ಆದರೆ ಕೆಳಗೆ ತಂಪೇ ಇಲ್ಲ. ನೀರಿನ ಬಾಟಲಿ ಮುಟ್ಟಿದರೆ ಈಗಷ್ಟೇ ಒಳಗಿಟ್ಟ ಹಾಗಿರುತ್ತದೆ, ನಿನ್ನೆಯ ಹಾಲು ಇವತ್ತು ಕಾಯಿಸಲು ಇಟ್ಟರೆ ಒಡೆಯುತ್ತದೆ.

ಇನ್ನೊಂದು, ತರಕಾರಿ ಡ್ರಾಯರ್ ಕೆಳಗೆ ನೀರು ನಿಲ್ಲುತ್ತಿದೆ. ಒರೆಸಿದರೆ ಮತ್ತೆ ಬರುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.

ಮೇಲಿನ ನಾಬು, ಕೆಳಗಿನ ನಾಬು ಎರಡನ್ನೂ ಪೂರ್ತಿ ತಿರುಗಿಸಿ ಇಟ್ಟಿದ್ದೇವೆ. ಏನೂ ಬದಲಾಗಿಲ್ಲ, ಇನ್ನೂ ಕೆಟ್ಟಿದೆ ಅನ್ನಿಸುತ್ತಿದೆ. ರಿಪೇರಿಯವರೊಬ್ಬರು ಬಂದರು, ಬಾಗಿಲು ತೆಗೆದು ಕೆಳಗೆ ಕೈ ಇಟ್ಟು ನೋಡಿ, ಗ್ಯಾಸ್ ಹೋಗಿದೆ, ತುಂಬಿಸಬೇಕು ಎಂದರು. ಬೇರೇನನ್ನೂ ಬಿಚ್ಚಿ ನೋಡಲಿಲ್ಲ. ಒಪ್ಪಿಕೊಳ್ಳಲಾ? ಅಥವಾ ಬೇರೆ ಏನಾದರೂ ಇರಬಹುದಾ?

ಅರ್ಧಚಂದ್ರ:

ಕೈ ಇಟ್ಟು ಗ್ಯಾಸ್ ಅಳೆಯುವವರು ಸಿಕ್ಕಿದ್ದಾರೆ ಎಂದರೆ ನಿಮ್ಮ ಅದೃಷ್ಟ ಬಿಡಿ. ಯಾರಾದರೂ ತಿಳಿದವರು ಹೇಳುವವರೆಗೂ ದುಡ್ಡು ಕೊಡಬೇಡಿ.

ಸ್ಕ್ರೂ_ಡ್ರೈವರ್:

ಒಪ್ಪಿಕೊಳ್ಳಬೇಡಿ, ಸ್ವಲ್ಪ ತಡೆಯಿರಿ.

ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ. ಅದು ಬಳಸಿ ಖಾಲಿಯಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಅಂತ ಅರ್ಥ, ಆ ಜಾಗ ಹುಡುಕಿ ಮುಚ್ಚದೆ ಸುಮ್ನೆ ತುಂಬಿಸಿದರೆ ಮತ್ತೆ ಸೋರುತ್ತದೆ. ಮತ್ತೆ, ಗ್ಯಾಸ್ ಕಡಿಮೆಯಾದರೆ ಫ್ರೀಜರ್ ಕೂಡ ಸೊರಗುತ್ತದೆ: ಐಸ್‌ಕ್ರೀಮ್ ಮೆತ್ತಗಾಗುತ್ತದೆ, ಕಂಪ್ರೆಸರ್ ನಿಲ್ಲದೆ ಓಡುತ್ತದೆ. ನಿಮ್ಮಲ್ಲಿ ಚಮಚ ಇಳಿಯುತ್ತಿಲ್ಲ ಅಂತೀರಿ. ಅಂದರೆ ತಂಪು ತಯಾರಾಗುತ್ತಿದೆ, ಕೆಳಗೆ ತಲುಪುತ್ತಿಲ್ಲ, ಅಷ್ಟೇ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಂಪು ಹುಟ್ಟುವ ಜಾಗ ಸಾಮಾನ್ಯವಾಗಿ ಒಂದೇ. ಫ್ರೀಜರ್‌ನ ಹಿಂಗೋಡೆಯ ಪ್ಲಾಸ್ಟಿಕ್ ಹಲಗೆಯ ಹಿಂದೆ ಒಂದು ಕಾಯಿಲ್ (ಗ್ಯಾಸ್ ಹರಿದು ತಣ್ಣಗಾಗುವ ಪೈಪಿನ ಸುರುಳಿ) ಇರುತ್ತದೆ, ಅದರ ಮೇಲೆ ಒಂದು ಚಿಕ್ಕ ಫ್ಯಾನು. ಫ್ಯಾನು ಆ ತಣ್ಣನೆ ಗಾಳಿಯನ್ನು ಜಾಸ್ತಿ ಫ್ರೀಜರ್‌ಗೆ, ಸ್ವಲ್ಪ ಒಂದು ಕೊಳವೆಯ ಮೂಲಕ ಕೆಳಗೆ ತಳ್ಳುತ್ತದೆ. ಕೆಳಗಿನ ಭಾಗಕ್ಕೆ ಅದೇ ಗತಿ, ಬೇರೆ ತಂಪು ಇಲ್ಲ. ಗಾಳಿಯ ತೇವ ಆ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತಾ ಹೋಗುತ್ತದೆ, ಅದಕ್ಕೆ ಕಂಪ್ರೆಸರ್ ಸುಮಾರು 8ರಿಂದ 12 ಗಂಟೆ ಓಡಿದ ಮೇಲೆ ಅದನ್ನು ನಿಲ್ಲಿಸಿ ಕಾಯಿಲ್ ಕೆಳಗಿನ ಹೀಟರ್ ಹೊತ್ತಿಕೊಳ್ಳುತ್ತದೆ. ಹಿಮ ಕರಗಿ ನೀರಾಗಿ ಒಂದು ತೂತಿನಿಂದ ಇಳಿದು, ಪೈಪಿನಲ್ಲಿ ಹಿಂದೆ ಹೋಗಿ, ಕಂಪ್ರೆಸರ್ ಮೇಲಿನ ತಟ್ಟೆಗೆ ಬಿದ್ದು, ಅದರ ಬಿಸಿಗೆ ಆವಿಯಾಗುತ್ತದೆ. ರಾತ್ರಿ ಫ್ರಿಜ್ ಒಳಗಿಂದ ಚುಂಯ್ ಅಂತ ಸದ್ದು ಕೇಳಿದ್ದೀರಾ? ಹೀಟರ್ ಮೇಲೆ ನೀರಿನ ಹನಿ ಬಿದ್ದದ್ದು, ಹೆದರಬೇಕಿಲ್ಲ.

ಈಗ ನಿಮ್ಮ ನೀರಿನ ಕಥೆ. ಸಂಬಂಧ ಇದೆ, ಅದೇ ಮುಖ್ಯ ಸುಳಿವು. ನೀರು ಇದೆ ಎಂದರೆ ಹೀಟರ್ ಕೆಲಸ ಮಾಡುತ್ತಿದೆ, ಹಿಮ ಕರಗುತ್ತಿದೆ, ಹೋಗಲು ದಾರಿ ಇಲ್ಲ. ಕೆಳಗಿನ ತೂತು ಕಟ್ಟಿಕೊಂಡರೆ ನೀರು ಕಾಯಿಲ್ ತಳದಲ್ಲೇ ನಿಂತು ಮತ್ತೆ ಐಸ್ ಆಗುತ್ತದೆ, ಮುಂದಿನ ಸಲ ಅದರ ಮೇಲೆ ಇನ್ನೊಂದು ಪದರ, ಹೀಗೇ ಬೆಳೆದು ಗಾಳಿ ಹೋಗುವ ದಾರಿಯನ್ನೇ ಮುಚ್ಚುತ್ತದೆ. ಹಿಡಿಸದ ನೀರು ಉಕ್ಕಿ ಕೆಳಗಿನ ಡ್ರಾಯರ್ ಕೆಳಗೆ ಬರುತ್ತದೆ. ಹೀಟರೇ ಸತ್ತಿದ್ದರೆ ನೀರು ಇಷ್ಟು ಬರುತ್ತಿರಲಿಲ್ಲ, ಬರೀ ಹಿಮ ಬೆಳೆಯುತ್ತಿತ್ತು.

ಎರಡು ವಿಷಯ ನೋಡಿ ಹೇಳಿ. ಫ್ರೀಜರ್ ಹಿಂಗೋಡೆಯ ಕೆಳಭಾಗದಲ್ಲಿ ಹಿಮ ಕಾಣುತ್ತಿದೆಯಾ? ಬಾಗಿಲು ತೆರೆದು, ಬಾಗಿಲು ಒತ್ತುವ ಚಿಕ್ಕ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದರೆ ಫ್ಯಾನಿನ ಸದ್ದು ಹೇಗಿದೆ? (ಬಾಗಿಲು ತೆರೆದಾಗ ಫ್ಯಾನು ನಿಲ್ಲುವ ಮಾಡೆಲ್‌ಗಳೇ ಜಾಸ್ತಿ, ಅದಕ್ಕೆ ಒತ್ತಬೇಕು. ಕಂಪ್ರೆಸರ್ ಓಡುತ್ತಿರುವಾಗ ನೋಡಿ.)

ನಾಬಿನ ವಿಷಯ ಕೂಡ ಹೇಳಿಬಿಡುತ್ತೇನೆ. ಇಂಥ ಎಷ್ಟೋ ಫ್ರಿಜ್‌ಗಳಲ್ಲಿ ಕಂಪ್ರೆಸರ್ ಯಾವಾಗ ಓಡಬೇಕು ಎಂದು ತೀರ್ಮಾನಿಸುವುದು ಒಂದೇ ನಾಬು. ಇನ್ನೊಂದು, ಮೇಲೆಷ್ಟು ಗಾಳಿ ಕೆಳಗೆಷ್ಟು ಗಾಳಿ ಎಂದು ಹಂಚುವ ಒಳಗಿನ ಚಿಕ್ಕ ಮುಚ್ಚಳವನ್ನು ತಿರುಗಿಸುತ್ತದೆ, ಅಷ್ಟೇ. ಫ್ರೀಜರ್ ನಾಬನ್ನು ಪೂರ್ತಿ ತಿರುಗಿಸಿದರೆ ಕೆಳಗಿನ ಪಾಲು ಕಡಿಮೆಯಾಗುತ್ತದೆ. ಇನ್ನೂ ಕೆಟ್ಟಿದೆ ಅನ್ನಿಸಿದ್ದು ಬಹುಶಃ ಅದಕ್ಕೇ. ಎರಡನ್ನೂ ಮಧ್ಯಕ್ಕೆ ತನ್ನಿ.

ನೀಲಿ_ಛತ್ರಿ:

ನೋಡಿದೆ. ಹಿಂಗೋಡೆಯ ಕೆಳಗಿನ ಸೀಳುಗಳು ಬಿಳಿ ಹಿಮದಿಂದ ಮುಚ್ಚಿಕೊಂಡಿವೆ, ಮೇಲಿನವು ಖಾಲಿ. ಸ್ವಿಚ್ ಒತ್ತಿದಾಗ ಫ್ಯಾನು ತಿರುಗುತ್ತದೆ, ಆದರೆ ಗಾಳಿ ಅಷ್ಟಾಗಿ ಬರುವುದಿಲ್ಲ. ಈಗ ಏನು ಮಾಡಲಿ? ಒಂದು ಚಾಕು ತೆಗೆದುಕೊಂಡು ಆ ಹಿಮ ಕೆರೆದರೆ ಆಗುತ್ತದಾ?

ಹಳೇ_ರೇಡಿಯೋ:

ಚಾಕು ಬೇಡವೇ ಬೇಡ! ಕಾಯಿಲ್ ಅಲ್ಯೂಮಿನಿಯಮ್ಮಿನದು, ತುಂಬ ತೆಳು. ತುದಿ ತಗುಲಿದರೆ ತೂತು ಬೀಳುತ್ತದೆ, ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ. ಈಗಿನ ಹೆಚ್ಚಿನ ಫ್ರಿಜ್‌ಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೊಬ್ಯುಟೇನ್, ಬೆಂಕಿ ಹತ್ತುವ ಗ್ಯಾಸು. ಪ್ರಮಾಣ ಕಡಿಮೆ, ಹೆಚ್ಚಿನವುಗಳಲ್ಲಿ 100 ಗ್ರಾಂ ಕೂಡ ಇರುವುದಿಲ್ಲ, ಆದರೂ ಮುಚ್ಚಿದ ಅಡುಗೆಮನೆಯಲ್ಲಿ ಸೋರುವುದು ಯಾರಿಗೆ ಬೇಕು. ಫ್ರಿಜ್ ಹಿಂದಿನ ಲೇಬಲ್ ನೋಡಿದರೆ ಯಾವ ಗ್ಯಾಸು, ಎಷ್ಟು ಗ್ರಾಂ ಎಲ್ಲ ಬರೆದಿರುತ್ತದೆ.

ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಬಿಡಿ. ಒಂದು ರಾತ್ರಿ ಸಾಲದು, ಹಲಗೆಯ ಹಿಂದಿನ ಐಸ್ ಕಣ್ಣಿಗೆ ಕಾಣುವುದಿಲ್ಲವಲ್ಲ, 24 ಗಂಟೆ ಕೊಡಿ. ಎದುರಿಗೆ ಟೇಬಲ್ ಫ್ಯಾನು ಇಟ್ಟರೆ ಬೇಗ ಆಗುತ್ತದೆ. ಒಳಗೆ ಬಿಸಿನೀರಿನ ಪಾತ್ರೆ ಇಡಬಹುದು, ಕೆಳಗೆ ಒಂದು ಹಲಗೆ ಅಥವಾ ದಪ್ಪ ಬಟ್ಟೆ ಹಾಸಿ. ಹೇರ್ ಡ್ರೈಯರ್ ಹಿಡಿಯುತ್ತೇನೆ ಎನ್ನುವವರಿದ್ದಾರೆ, ನನಗೆ ಇಷ್ಟವಿಲ್ಲ: ಒಂದೇ ಕಡೆ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಮತ್ತೆ ನೀರು ಸುರಿಯುವ ಜಾಗದಲ್ಲಿ ಕರೆಂಟಿನ ವಸ್ತು ಯಾಕೆ. ಫ್ರಿಜ್ ಮುಂದೆ ಹಳೇ ಟವೆಲ್‌ಗಳನ್ನು ಧಾರಾಳವಾಗಿ ಹಾಸಿ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ನೀರು ಬರುತ್ತದೆ.

ಸ್ಕ್ರೂ_ಡ್ರೈವರ್:

ಇದಕ್ಕೆ ನನ್ನದೂ ಸಹಿ. ಆದರೆ ಬರೀ ಕರಗಿಸಿದರೆ ಮುಗಿಯುವುದಿಲ್ಲ, ತೂತು ಕಟ್ಟಿದ್ದರೆ ಮತ್ತೆ ಇದೇ ಆಗುತ್ತದೆ. ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ: ಆಫ್ ಮಾಡಿ ಆನ್ ಮಾಡಿದರು, ಕೆಳಗೆ ತಂಪಾಯಿತು, ಸರಿಹೋಯಿತು ಅಂದುಕೊಂಡರು, ಸ್ವಲ್ಪ ದಿನ ಕಳೆದು ಮತ್ತೆ ಹಾಲು ಒಡೆಯಿತು. ಹಾಗೆ ಮರುಕಳಿಸಿದರೆ ಕಾರಣ ಡಿಫ್ರಾಸ್ಟ್ ಭಾಗದಲ್ಲೇ, ಅಂದರೆ ಹಿಮ ಕರಗಿಸಿ ನೀರು ಹೊರಹಾಕುವ ಭಾಗದಲ್ಲೇ ಇದೆ ಅಂತ ಲೆಕ್ಕ.

ಕರಗಿದ ಮೇಲೆ ಬಿಚ್ಚಲು ಗೊತ್ತಿರುವವರನ್ನು ಕರೆದು ಫ್ರೀಜರ್‌ನ ಹಿಂದಿನ ಹಲಗೆ ತೆಗೆಸಿ. ಪ್ಲಗ್ ಕಿತ್ತೇ ಇರಲಿ. ಕಾಯಿಲ್ ಕೆಳಗೆ ನೀರು ಹಿಡಿಯುವ ಇಳಿಜಾರಿನ ಬಟ್ಟಲಿನಲ್ಲಿ ತೂತು ಕಾಣುತ್ತದೆ. ಅದಕ್ಕೆ ಉಗುರುಬೆಚ್ಚಗಿನ ನೀರನ್ನು ನಿಧಾನಕ್ಕೆ ಸಿರಿಂಜಿನಲ್ಲಿ ಬಿಡಬೇಕು. ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಯಲ್ಲಿ ನೀರು ಬಿದ್ದ ಸದ್ದು ಕೇಳಿಸಿದರೆ ದಾರಿ ತೆರೆದಿದೆ. ಅದೇ ಹೊತ್ತಿಗೆ ಹೀಟರ್ ಮತ್ತು ಬೈಮೆಟಲ್ (ಕಾಯಿಲ್ ಬೆಚ್ಚಗಾದ ಕೂಡಲೇ ಹೀಟರ್ ಆಫ್ ಮಾಡುವ ಚಿಕ್ಕ ಸ್ವಿಚ್) ಎರಡನ್ನೂ ಮೀಟರ್ ಹಿಡಿದು ನೋಡಲಿ. ಒಂದು ಎಚ್ಚರ: ಬೈಮೆಟಲ್ ಚಳಿಯಲ್ಲಿ ಮಾತ್ರ ಕೂಡಿಕೊಳ್ಳುತ್ತದೆ, ಬೆಚ್ಚಗಿರುವಾಗ ಬಿಟ್ಟುಕೊಂಡೇ ಇರುತ್ತದೆ. ಕರಗಿದ ಫ್ರಿಜ್‌ನಲ್ಲಿ ಅಳೆದು ಇದು ಹೋಗಿದೆ ಎಂದರೆ ನಂಬಬೇಡಿ, ಐಸ್ ನೀರಿನ ಚಳಿಯೂ ಸಾಲದಿರಬಹುದು, ಫ್ರೀಜರ್ ಚಳಿಯಷ್ಟು ತಣ್ಣಗೆ ಮಾಡಿ ಅಳೆಯಬೇಕು.

ಮೂಲೆಮನೆ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಒಂದೇ ಬಾಗಿಲಿನದು, ಒಳಗೆ ಮೇಲೆ ಚಿಕ್ಕ ಫ್ರೀಜರ್ ಡಬ್ಬ. ಅದರ ಸುತ್ತ ಹಿಮ ಬೆಳೆದು ಐಸ್ ಟ್ರೇ ಅಂಟಿಕೊಂಡಿದೆ. ಇದಕ್ಕೂ ಹಲಗೆ ಬಿಚ್ಚಬೇಕಾ? ಮತ್ತೆ ನಾವು ಕರೆಂಟ್ ಉಳಿಸಲು ರಾತ್ರಿ ಆಫ್ ಮಾಡುತ್ತೇವೆ, ಅದರಿಂದ ಹಿಮ ಕಡಿಮೆಯಾಗಬೇಕಿತ್ತು ಅಲ್ವಾ?

ಹಳೇ_ರೇಡಿಯೋ:

ನಿಮ್ಮದರಲ್ಲಿ ಹಲಗೆಯೇ ಇಲ್ಲ. ಆ ಡಬ್ಬದ ಗೋಡೆಯೇ ಕಾಯಿಲ್, ಹಿಮ ಕಣ್ಣೆದುರೇ ಕೂರುತ್ತದೆ. ಹೆಚ್ಚಿನವುಗಳಲ್ಲಿ ನಾಬಿನ ನಡುವೆ ಒಂದು ಗುಂಡಿ ಇರುತ್ತದೆ, ಒತ್ತಿದರೆ ಕಂಪ್ರೆಸರ್ ನಿಲ್ಲುತ್ತದೆ, ಹಿಮ ಕರಗಿದ ಮೇಲೆ ತಾನಾಗಿ ಮತ್ತೆ ಶುರುವಾಗುತ್ತದೆ. ಹಿಮ ಅರ್ಧ ಸೆಂಟಿಮೀಟರ್ ಆಗುವಷ್ಟರಲ್ಲಿ ಒತ್ತಿಬಿಡಿ. ಹಿಮ ಕಂಬಳಿ ಇದ್ದ ಹಾಗೆ, ಒಳಗಿನ ಚಳಿಯನ್ನು ಹೊರಗೆ ಬಿಡುವುದಿಲ್ಲ, ದಪ್ಪ ಆದಷ್ಟೂ ಕಂಪ್ರೆಸರ್ ಜಾಸ್ತಿ ದುಡಿಯುತ್ತದೆ, ಕರೆಂಟೂ ಜಾಸ್ತಿ. ಟ್ರೇ ಅಂಟಿದ್ದರೆ ಎಳೆಯಬೇಡಿ, ಅದರ ಸುತ್ತ ಬೆಚ್ಚಗಿನ ನೀರಿನ ಬಟ್ಟೆ ಇಡಿ.

ರಾತ್ರಿ ಆಫ್ ಮಾಡುವುದು ಬಿಡಿ. ಬಾಗಿಲು ಮುಚ್ಚಿದ್ದರೂ ಫ್ರಿಜ್ ಭಾಗ ಸುಮಾರು 4 ಗಂಟೆ ಮಾತ್ರ ಸುರಕ್ಷಿತ ತಂಪು ಉಳಿಸಿಕೊಳ್ಳುತ್ತದೆ. ಆಹಾರ 4 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು, ಅದಕ್ಕಿಂತ ಮೇಲೆ ಹೋದರೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೆಳಿಗ್ಗೆ ಆನ್ ಮಾಡಿದಾಗ ಏರಿದ ಬಿಸಿಯನ್ನೆಲ್ಲ ಕಂಪ್ರೆಸರ್ ಮತ್ತೆ ಹೊರಹಾಕಬೇಕು, ಉಳಿತಾಯ ಅಲ್ಲೇ ಹೋಯಿತು. ಹಿಮವೂ ಕಡಿಮೆಯಾಗುವುದಿಲ್ಲ: ಅರ್ಧ ಕರಗಿದ ನೀರು ಬೆಳಿಗ್ಗೆ ಗಟ್ಟಿ ಐಸಾಗಿ ಕೂರುತ್ತದೆ, ನಿಮ್ಮ ಟ್ರೇ ಅಂಟಿದ್ದು ಹೀಗೇ ಇರಬೇಕು. ಆಫ್ ಮಾಡಿದ ಕೂಡಲೇ ಆನ್ ಮಾಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಪೈಪಿನ ಒತ್ತಡ ಇಳಿಯಲು ಐದು ನಿಮಿಷ ಬೇಕು.

ಅರ್ಧಚಂದ್ರ:

ಡಿಗ್ರಿ ನೋಡಲು ನಾಬಿನ ಸಂಖ್ಯೆ ನಂಬುವವರಿಗೆ ಒಂದು ಮಾತು. 1ರಿಂದ 5 ಎಂದಿದ್ದರೆ ಅದು ಡಿಗ್ರಿಯಲ್ಲ, ದೊಡ್ಡ ಸಂಖ್ಯೆ ಎಂದರೆ ಜಾಸ್ತಿ ತಂಪು, ಅಷ್ಟೇ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಮಧ್ಯದ ತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಓದಿ. ಸುಮ್ನೆ ಗಾಳಿಯಲ್ಲಿ ಇಟ್ಟರೆ ಬಾಗಿಲು ತೆಗೆದ ಕೂಡಲೇ ಅಂಕಿ ಏರಿಬಿಡುತ್ತದೆ.

ನೀಲಿ_ಛತ್ರಿ:

ಸುದ್ದಿ ಇದೆ. ಹೇಳಿದ ಹಾಗೆ ಕರಗಿಸಿ, ಬೇರೆ ಮೆಕ್ಯಾನಿಕ್ ಕರೆಸಿ ಹಲಗೆ ಬಿಚ್ಚಿಸಿದೆವು. ಅಷ್ಟೂ ಹೊತ್ತು ಬಿಟ್ಟರೂ ಕಾಯಿಲ್ ಬುಡದಲ್ಲಿ ಅಂಗೈ ಅಗಲದ ಐಸ್ ತುಂಡು ಇನ್ನೂ ಇತ್ತು. ತೂತಿನಲ್ಲಿ ಯಾವುದೋ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಚೂರು, ಅದಕ್ಕೆ ಅಂಟಿದ ಕಪ್ಪು ಲೋಳೆ. ತೆಗೆದು ಬೆಚ್ಚಗಿನ ನೀರು ಬಿಟ್ಟಾಗ ಮೊದಲು ತುಂಬಿ ನಿಂತಿತು, ಆಮೇಲೆ ಗುಳುಗುಳು ಅಂತ ಒಮ್ಮೆಗೇ ಇಳಿಯಿತು, ಹಿಂದಿನ ತಟ್ಟೆಯಲ್ಲಿ ಸದ್ದು ಬಂತು. ಹೀಟರ್ ಸರಿಯಾಗಿದೆ. ಗ್ಯಾಸಿನ ಮಾತೇ ಬರಲಿಲ್ಲ.

ಈಗ ಎರಡೂ ನಾಬು ಮಧ್ಯದಲ್ಲಿವೆ, ಲೋಟದ ಥರ್ಮಾಮೀಟರ್ 4 ತೋರಿಸುತ್ತಿದೆ. ಡ್ರಾಯರ್ ಕೆಳಗೆ ಒಣಗಿದೆ. ಒಂದೇ ಸಂದೇಹ: ಫ್ರಿಜ್‌ನ ಎರಡೂ ಪಕ್ಕಗಳು ಮುಟ್ಟಿದರೆ ಬಿಸಿ. ಮೊದಲೂ ಹೀಗೇ ಇತ್ತೋ ಏನೋ, ಗಮನಿಸಿರಲಿಲ್ಲ.

ಸ್ಕ್ರೂ_ಡ್ರೈವರ್:

ಒಳ್ಳೆಯದಾಯಿತು. ಪಕ್ಕ ಬಿಸಿ ಇರುವುದು ಸರಿಯೇ. ಹಳೆಯ ಫ್ರಿಜ್‌ಗಳಲ್ಲಿ ಬಿಸಿ ಬಿಡುವ ಕಪ್ಪು ಜಾಲರಿ ಹಿಂದೆ ಕಾಣುತ್ತಿತ್ತು, ಈಗ ಅದನ್ನು ಪಕ್ಕದ ಗೋಡೆಯೊಳಗೆ ಹುದುಗಿಸಿರುತ್ತಾರೆ. 24 ಗಂಟೆ ಬೆಚ್ಚಗಾದ ಫ್ರಿಜ್ ಈಗ ಒಳಗಿನ ಬಿಸಿಯನ್ನೆಲ್ಲ ಹೊರಗೆ ತಳ್ಳುತ್ತಿದೆ, ಒಂದೆರಡು ದಿನ ಜಾಸ್ತಿಯೇ ಇರುತ್ತದೆ. ಪಕ್ಕದಲ್ಲಿ ಗೋಡೆಗೆ ಒತ್ತಿಕೊಂಡಿದ್ದರೆ ಸ್ವಲ್ಪ ಮುಂದೆಳೆದು ಗಾಳಿಗೆ ಜಾಗ ಬಿಡಿ, ಮೇಲೆ ಬಟ್ಟೆ ಹೊದಿಸಿದ್ದರೆ ತೆಗೆಯಿರಿ.

ಫ್ರೀಜರ್‌ನ ಹಿಂಗೋಡೆಯ ಸೀಳುಗಳಿಗೆ ಪೊಟ್ಟಣ ಒತ್ತಿಡಬೇಡಿ. ಫ್ರೀಜರ್ ತುಂಬಿದ್ದರೆ ಒಳ್ಳೆಯದೇ, ಚಳಿ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಗಾಳಿಯ ಬಾಯಿ ಬಿಟ್ಟು ತುಂಬಿಸಿ. ಕೆಳಗೆ ಮಾತ್ರ ಕಿಕ್ಕಿರಿಯಬಾರದು. ಹಾಲನ್ನು ಬಾಗಿಲಿನಿಂದ ಒಳಗಿನ ತಟ್ಟೆಗೆ ಹಾಕಿ, ಇಡೀ ಫ್ರಿಜ್‌ನಲ್ಲಿ ಬಾಗಿಲೇ ಎಲ್ಲಕ್ಕಿಂತ ಬೆಚ್ಚಗಿನ ಜಾಗ.

ಮೂಲೆಮನೆ:

ಗುಂಡಿ ಒತ್ತಿದೆ, ಟ್ರೇ ಬಂತು. ಆದರೆ ಹಿಮ ಬಾಗಿಲಿನ ಕಡೆಯೇ ಜಾಸ್ತಿ ಇತ್ತು, ಒಳಗೆ ಕಡಿಮೆ. ಯಾಕೆ?

ಹಳೇ_ರೇಡಿಯೋ:

ಹೊರಗಿನ ಗಾಳಿ ನುಗ್ಗುತ್ತಿದೆ. ಫ್ರೀಜರ್ ಡಬ್ಬದ ಚಿಕ್ಕ ಬಾಗಿಲು ಪೂರ್ತಿ ಮುಚ್ಚುತ್ತದಾ ನೋಡಿ, ಆಮೇಲೆ ದೊಡ್ಡ ಬಾಗಿಲಿನ ರಬ್ಬರ್. ಒಂದು ಕಾಗದವನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಆ ಜಾಗ ಸಡಿಲ. ನಾಲ್ಕೂ ಮೂಲೆ, ಅದರಲ್ಲೂ ಹಿಂಜಿನ ಕಡೆಯದು. ಮೊದಲು ಸೋಪಿನ ನೀರಲ್ಲಿ ರಬ್ಬರಿನ ಮಡಿಕೆಗಳನ್ನು ಒರೆಸಿ, ಎಷ್ಟೋ ಸಲ ಜಿಡ್ಡೇ ಕಾರಣ. ಸೊಟ್ಟಗಾಗಿದ್ದರೆ ಬಿಸಿನೀರಿನ ಬಟ್ಟೆ ಒತ್ತಿ ನೆಟ್ಟಗೆ ಮಾಡಿ ಬಾಗಿಲು ಮುಚ್ಚಿಡಿ. ಹರಿದಿದ್ದರೆ ಮಾತ್ರ ಹೊಸದು ಹಾಕಿಸಿ.