ಅಪ್‌ಡೇಟ್: ಮೇಲ್, ಕೆಲಸ, ಆರ್ಡರ್ ಕೊನೆಗೂ ಒಂದು ಹಿಡಿತಕ್ಕೆ ಬಂದವು

ಹೋದ ತಿಂಗಳು ಕೇಳಿದ್ದೆ: ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಯೂನಿಟ್, ಆರ್ಡರ್ ಮೇಲ್‌ಗೆ ಬರುತ್ತೆ, ಕೆಲಸ ಡೈರಿಯಲ್ಲಿರುತ್ತೆ, ಎರಡನ್ನೂ ಕೂಡಿಸೋ ಆ್ಯಪ್ ಯಾವುದು ಅಂತ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಈಗ ಟ್ರೆಲ್ಲೊ ಅನ್ನೋ, ಕೆಲಸಗಳನ್ನ ಕಾರ್ಡ್‌ಗಳಾಗಿ ಜೋಡಿಸಿಡೋ ಆ್ಯಪ್ ಬಳಸ್ತಿದ್ದೀನಿ. ಒಂದು ಬೋರ್ಡ್, ಅದರಲ್ಲಿ ಕಟಿಂಗ್, ಹೊಲಿಗೆ, ವಾಷಿಂಗ್, ಪ್ಯಾಕಿಂಗ್ ಅಂತ ನಾಲ್ಕು ಲಿಸ್ಟ್. ಆರ್ಡರಿಗೊಂದು ಕಾರ್ಡ್. ಬೋರ್ಡ್‌ಗೂ ಒಂದು ಇಮೇಲ್ ವಿಳಾಸ ಇರುತ್ತೆ ಅಂತ ನಿಮ್ಮಲ್ಲೊಬ್ಬರು ಹೇಳಿದ್ರಲ್ಲ, ಅದೇ ದೊಡ್ಡ ಉಪಕಾರ ಆಯ್ತು. ವ್ಯಾಪಾರಿಯ ಮೇಲನ್ನ ಅಲ್ಲಿಗೆ ಫಾರ್ವರ್ಡ್ ಮಾಡಿದ್ರೆ ಸಬ್ಜೆಕ್ಟ್ ಸಾಲು ಕಾರ್ಡಿನ ಹೆಸರಾಗುತ್ತೆ, ಮೇಲ್‌ನ ಒಳಗಿನ ಬರಹ ಕಾರ್ಡಿನ ವಿವರಣೆಯಾಗುತ್ತೆ, ಸೈಜ್ ಪಟ್ಟಿಯ ಫೈಲೂ ಜೊತೆಗೇ ಬರುತ್ತೆ.

ಮಂಗಳವಾರ ಇದರ ಉಪಯೋಗ ಗೊತ್ತಾಯ್ತು. ಬೆಳಿಗ್ಗೆ ವ್ಯಾಪಾರಿ 32ರ ಸೈಜ್‌ನಲ್ಲಿ 40 ಪೀಸ್ ಕಡಿಮೆ ಮಾಡಿ, 36ರಲ್ಲಿ ಹೆಚ್ಚಿಸಿ ಮೇಲ್ ಹಾಕಿದ್ರು. ಕಾರ್ಡ್ ತಿದ್ದಿದೆ. ಕಟಿಂಗ್ ಮಾಸ್ಟರ್ ಬಟ್ಟೆ ಹಾಸಿ, ಚಾಕ್ ಹಿಡಿದು ನಿಂತವರು ಫೋನ್ ನೋಡಿ, “ಅಣ್ಣಾ, ಲೆಕ್ಕ ಬದಲಾಗೈತಲ್ಲ” ಅಂದ್ರು. ಮೊದಲಾಗಿದ್ರೆ ಬಟ್ಟೆ ಕತ್ತರಿಸಿ ಆಗಿರ್ತಿತ್ತು.

ಜಿಪ್, ಗುಂಡಿ, ದಾರದ ಬಿಲ್ಲುಗಳಿಗೆ ಜಿಮೇಲ್‌ನ ಟಾಸ್ಕ್ಸ್ ಸಾಕು. ಮೇಲ್‌ನಿಂದಲೇ ಕೆಲಸ ಸೇರಿಸಿ ದಿನಾಂಕ ಕೊಟ್ಟರೆ ಕ್ಯಾಲೆಂಡರಿನಲ್ಲಿ ಕಾಣುತ್ತೆ. ವಾಷಿಂಗ್‌ನವರು ಮಾತ್ರ ಇನ್ನೂ ಫೋನಲ್ಲೇ ಹೇಳ್ತಾರೆ. ಅವರ ಕಾರ್ಡ್ ನಾನೇ ಸರಿಸ್ತೀನಿ.