ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ: ಹಳೇ ಪಿಕಪ್ ಇರುವವರು ಅನುಭವ ಹೇಳಿ

ನೀಲಿ ಪಿಕಪ್: 1990ರ ದಶಕದ ಪೆಟ್ರೋಲ್ ಗಾಡಿ. ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಬ್ಯಾಟರಿ ಹೊಸದು, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ತಣ್ಣಗಿದ್ದಾಗ ಒಮ್ಮೊಮ್ಮೆ ಹಿಡಿಯುತ್ತದೆ. ಓಡಿಸಿ ನಿಲ್ಲಿಸಿದರೆ ಮುಗೀತು, ಪೂರ್ತಿ ಆರುವ ತನಕ ಜಪ್ಪಯ್ಯ ಎನ್ನುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಎಂಟು ಸಿಲಿಂಡರ್: ಪೆಟ್ರೋಲಿನ ಒತ್ತಡ ಅಳೆಯುವ ಫ್ಯೂಯಲ್ ಪ್ರೆಷರ್ ಗೇಜ್ ಹಾಕಿ. ಅದಕ್ಕೂ ಮೊದಲು ಒಂದು ಪ್ಲಗ್ ಕೂಡ ಕೊಳ್ಳಬೇಡಿ. ನನ್ನದು ಜನರಲ್ ಮೋಟಾರ್ಸ್ ಕಂಪನಿಯ ವೋರ್ಟೆಕ್ 5.7 ಲೀಟರ್ ಎಂಜಿನ್. ಕೀ ಆನ್ ಮಾಡಿದರೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಎನ್ನುತ್ತಿತ್ತು. ಆ ಸದ್ದು ಕೇಳಿಯೇ ಮೆಕ್ಯಾನಿಕ್ "ಪಂಪ್ ಚೆನ್ನಾಗಿದೆ" ಎಂದುಬಿಟ್ಟರು. ಆಮೇಲೆ ನನ್ನ ಜೇಬಿಗೆ ಕತ್ತರಿ. ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಕಾಯಿಲ್, ಕೊನೆಗೆ ಎಂಜಿನ್ ಕಂಪ್ಯೂಟರ್ ಕೂಡ ಬದಲಾಯಿತು. ಕರೆಂಟ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಆ ಕಂಪ್ಯೂಟರ್ ಇವತ್ತಿಗೂ ಡಬ್ಬದಲ್ಲೇ ಇದೆ. ಬೇರೆಯವರು ಗೇಜ್ ಹಾಕಿದಾಗ ಮುಳ್ಳು 50ರ ಆಸುಪಾಸಿನಲ್ಲಿ ನಿಂತಿತು. ಈ ಎಂಜಿನ್ನಿಗೆ 60 ಪಿಎಸ್‌ಐ ದಾಟಬೇಕು. ಅದಕ್ಕೂ ಹಳೆಯ, ಎಂಜಿನ್ನಿನ ಗಾಳಿ ಬಾಯಲ್ಲೇ (ಥ್ರಾಟಲ್ ಬಾಡಿ) ಪೆಟ್ರೋಲ್ ಸಿಂಪಡಿಸುವ ಗಾಡಿಗಳಿಗೆ 9ರಿಂದ 13 ಸಾಕು. ಹಾಗಾಗಿ ಪೆಟ್ರೋಲ್ ಚಿಮ್ಮುವುದನ್ನು ಕಣ್ಣಲ್ಲಿ ನೋಡಿ ಏನೂ ತೀರ್ಮಾನ ಮಾಡಬಾರದು. ಟ್ಯಾಂಕ್ ತುಂಬಿಸಿದ್ದೆವು ಬೇರೆ. ಅಷ್ಟೂ ಪೆಟ್ರೋಲ್ ಹೊರಗೆ ತೆಗೆದು, ತುಕ್ಕು ಹಿಡಿದ ಪಟ್ಟಿ ಬಿಚ್ಚಿ ಟ್ಯಾಂಕ್ ಇಳಿಸಿದ ಕೂಲಿಯೇ ಪಂಪಿಗಿಂತ ಜಾಸ್ತಿ ಆಯಿತು.

ವೈರಿಂಗ್ ಪ್ರೇಮಿ: ಎಲ್ಲರ ಗಾಡಿಯಲ್ಲೂ ಪಂಪೇ ಹೋಗಬೇಕಾ? ನನ್ನ ಗಾಡಿಯಲ್ಲಿ ಹೋಗಿದ್ದು ಡಿಸ್ಟ್ರಿಬ್ಯೂಟರಿಗೆ ಅಂಟಿಕೊಂಡಿರುವ, ಸ್ಪಾರ್ಕ್ ಬರಿಸಲು ಕಾಯಿಲ್ ಕರೆಂಟ್ ಆನ್ ಆಫ್ ಮಾಡುವ ಇಗ್ನಿಷನ್ ಮಾಡ್ಯೂಲ್. ಎಂಜಿನ್ ಕಾದರೆ ಸ್ಪಾರ್ಕ್ ಮಾಯ. ಬಾನೆಟ್ ಎತ್ತಿ ಕಾದು ಕೂತರೆ ವಾಪಸ್ ಬರುತ್ತಿತ್ತು. ಗ್ಯಾರೇಜಿಗೆ ಎಳೆಸಿಕೊಂಡು ಹೋಗುವಷ್ಟರಲ್ಲಿ ಆರಿರುತ್ತಿತ್ತು, ಅವರ ಕೈಗೆ ಸ್ಟಾರ್ಟ್ ಆಗುತ್ತಿತ್ತು. "ಏನೂ ತೊಂದರೆ ಇಲ್ಲ" ಎಂದು ಕಳಿಸುತ್ತಿದ್ದರು, ಬಿಲ್ ಮಾತ್ರ ತಪ್ಪದೆ ಕೊಡುತ್ತಿದ್ದರು! ಕೊನೆಗೆ ಹೊಸ ಮಾಡ್ಯೂಲ್ ಹಾಕಿದರು, ಅದೂ ಸುಟ್ಟಿತು. ಬಿಚ್ಚಿ ನೋಡಿದರೆ ಬೆನ್ನಿಗೆ ಬಿಳಿ ಥರ್ಮಲ್ ಗ್ರೀಸ್ ಹಚ್ಚಿಯೇ ಇಲ್ಲ. ಬರೀ ಲೋಹಕ್ಕೆ ಕೂರಿಸಿದರೆ ಶಾಖ ಎಲ್ಲಿಗೆ ಹೋಗಬೇಕು? ಮೂರನೆಯದನ್ನು ನಾನೇ ಒರೆಸಿ, ಗ್ರೀಸ್ ಹಚ್ಚಿ ಕೂರಿಸಿದೆ. ಈಗಲೂ ಅದೇ ಓಡುತ್ತಿದೆ. ಗೇಜ್ ಗೇಜ್ ಎನ್ನುವವರು ಮೊದಲು ಸ್ಪಾರ್ಕ್ ಟೆಸ್ಟರ್ ಹಿಡಿಯಲಿ.

ಎಂಟು ಸಿಲಿಂಡರ್: ನನಗೆ ಚುಚ್ಚಬೇಡಿ. ಸ್ಪಾರ್ಕ್ ಇತ್ತು, ನೀಲಿಯಾಗಿ ಚಟಚಟ ಹಾರುತ್ತಿತ್ತು. ಅದನ್ನು ನೋಡಿದ ಮೇಲೂ ಕಾಯಿಲ್ ಬದಲಿಸಿದರಲ್ಲ, ಹೊಟ್ಟೆ ಉರಿಯುವುದು ಅದಕ್ಕೆ.

ಡೀಸೆಲ್ ಮಾತ್ರ: ಈ ಪ್ಲಗ್ಗು ಕಾಯಿಲ್ ಕಾಟವೇ ಬೇಡ ಅಂತ ನಾನು ಫೋರ್ಡಿನ 7.3 ಲೀಟರ್ ಡೀಸೆಲ್ ತೆಗೆದುಕೊಂಡೆ. ಅದಕ್ಕೆ ಇಂಜೆಕ್ಟರ್ ಕೆಲಸ ಮಾಡಲು ಸುಮಾರು 500 ಪಿಎಸ್‌ಐ ಆಯಿಲ್ ಪ್ರೆಷರ್ ಬೇಕು. ಒಂದು ದಿನ ಓಡುತ್ತಿದ್ದಾಗಲೇ ಆಫ್ ಆಯಿತು. ಹೈ ಪ್ರೆಷರ್ ಪಂಪ್ ಹೋಗಿದೆ, ದೊಡ್ಡ ಕೆಲಸ ಎಂದು ಹೆದರಿಸಿದರು. ನಾನು ಒಪ್ಪಲಿಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ, ಸೊನ್ನೆಯಲ್ಲೇ ಮಲಗಿತ್ತು. ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ಯಾಮ್ ಸೆನ್ಸರ್ ಹೋಗಿತ್ತು. ಕೈಯಗಲದ ಸಾಮಾನು, ಒಂದೇ ಬೋಲ್ಟು. ಈಗ ಇನ್ನೊಂದು ಸೆನ್ಸರ್ ಮತ್ತು 10 ಎಂಎಂ ಸ್ಪ್ಯಾನರ್ ಡ್ಯಾಶ್‌ಬೋರ್ಡಿನಲ್ಲೇ ಇರುತ್ತವೆ. ಅರ್ಜೆಂಟ್ ಇದ್ದರೆ ಏರ್ ಫಿಲ್ಟರಿಗೆ ಸ್ವಲ್ಪ ಈಥರ್ ಸ್ಪ್ರೇ ಹೊಡೆದು ನೋಡಿ.

ಕೆಂಪು ಬಟನ್: ಡೀಸೆಲ್ ಗಾಡಿಗೆ ಈಥರ್ ಅಂತ ದಯವಿಟ್ಟು ಹೇಳಬೇಡಿ ಸರ್! ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಅದು ಒಳಗೇ ಸಿಡಿದು ಪಿಸ್ಟನ್ ಒಡೆಯಬಹುದು. ನಮ್ಮ ಮಾವನವರ ಗಾಡಿ ಹಾಗೇ ಹಾಳಾಯಿತು.

ನನ್ನದು ಬೇರೆ ಕಥೆ. ನಿಂತಿದ್ದ ಪಿಕಪ್‌ಗೆ ಹಿಂದಿನಿಂದ ಯಾರೋ ಗುದ್ದಿ ಹೋದರು. ಬಂಪರಿಗೆ ಗೀರು ಬಿದ್ದಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಕೀ ಆನ್ ಮಾಡಿದರೆ ಪಂಪ್ ಸದ್ದೇ ಇಲ್ಲ. ರಿಲೇ ಬದಲಿಸಿದರು, ಪಂಪ್ ಬದಲಿಸಿದರು, ಎಳೆಸಿದ ಖರ್ಚು ಬೇರೆ. ಗುದ್ದಿದ ವಿಷಯ ಮೊದಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಸೀಟಿನವರು ಕಾಲಿಡುವ ಜಾಗದಲ್ಲಿ, ಮ್ಯಾಟಿನ ಹಿಂದೆ, ಗಾಡಿಗೆ ಗುದ್ದಿದರೆ ಪಂಪಿನ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಇತ್ತು. ಬಟನ್ ಮೇಲೆ ಎದ್ದಿತ್ತು, ಒತ್ತಿದರೆ ಸ್ಟಾರ್ಟ್! ಹಳೇ ಪಂಪ್ ಕೊಡಿ ಎಂದು ಕೇಳಿದರೆ ಎಸೆದುಬಿಟ್ಟೆವು ಎಂದರು.

ಡೀಸೆಲ್ ಮಾತ್ರ: ಹೀಟರ್ ಬಿಚ್ಚಿಟ್ಟು ಹೊಡೆದಾಗ ನನ್ನ ಗಾಡಿಗೆ ಏನೂ ಆಗಲಿಲ್ಲ ಮೇಡಂ. ನಾನು ಹೊಡೆದಿದ್ದೇನೆ.

ಕೆಂಪು ಬಟನ್: ಆ ಮಾತು ಮೊದಲೇ ಬರೆಯಬೇಕಿತ್ತು ಅಲ್ವಾ? ಓದುವವರು ಬರೀ "ಸ್ಪ್ರೇ ಹೊಡೆಯಿರಿ" ಅನ್ನುವುದನ್ನೇ ಹಿಡಿದುಕೊಳ್ಳುತ್ತಾರೆ.

ನೀಲಿ ಪಿಕಪ್: ನನ್ನದು ಪೆಟ್ರೋಲ್ ಗಾಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನಮ್ಮದರಲ್ಲೂ ಏಳುವುದಿಲ್ಲ, ಈಗಷ್ಟೇ ನೋಡಿದೆ. ಬಿಸಿ ಇದ್ದಾಗ ಮಾತ್ರ ಹೀಗೆ.

ಹಳೇ ಚಾಸಿ: ಟ್ಯಾಂಕ್ ಇಳಿಸಿ ದುಡ್ಡು ಕಳೆದುಕೊಂಡಿರಿ ಎಂಟು ಸಿಲಿಂಡರ್ ಅವರೇ. ನಾನು ಹಿಂದೆ ಸಾಮಾನು ಹೇರುವ ತೊಟ್ಟಿಯ ತಳವನ್ನೇ ಚೌಕಾಕಾರಕ್ಕೆ ಕತ್ತರಿಸಿ, ಮೇಲಿಂದ ಪಂಪ್ ತೆಗೆದು, ಮುಚ್ಚಳ ಮಾಡಿ ಸ್ಕ್ರೂ ಹಾಕಿದೆ. ಮುಂದಿನ ಸಲವೂ ಸುಲಭ.

ಎಂಟು ಸಿಲಿಂಡರ್: ಪೆಟ್ರೋಲ್ ಟ್ಯಾಂಕಿನ ಮೇಲೆ ಗ್ರೈಂಡರ್ ಹಿಡಿದಿರಾ? ಕಿಡಿ ಎಲ್ಲಿಗೆ ಬೀಳುತ್ತದೆ ಗೊತ್ತಾ? ಇನ್ನೊಬ್ಬರಿಗೆ ಇದನ್ನು ಹೇಳಿಕೊಡಬೇಡಿ.

ಹಳೇ ಚಾಸಿ: ಗ್ರೈಂಡರ್ ಎಂದು ನಾನು ಎಲ್ಲೂ ಬರೆದಿಲ್ಲ. ಕೈ ಕತ್ತರಿಯಲ್ಲಿ ಕತ್ತರಿಸಿದ್ದು.

ವೈರಿಂಗ್ ಪ್ರೇಮಿ: ಎರಡೂ ಬೇಡ. ತೊಟ್ಟಿಯ ಬೋಲ್ಟು ಬಿಚ್ಚಿ, ಪೆಟ್ರೋಲ್ ತುಂಬುವ ಕೊಳವೆ, ಲೈಟಿನ ವೈರ್, ಅರ್ತ್ ಪಟ್ಟಿ ಕಳಚಿ ನಾಲ್ಕು ಜನ ಹಿಂದಕ್ಕೆ ಎತ್ತಿಟ್ಟರೆ ಪಂಪ್ ಎದುರಿಗೇ ಸಿಗುತ್ತದೆ. ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಅರ್ತ್ ಪಟ್ಟಿ ವಾಪಸ್ ಹಾಕುವುದನ್ನು ಮಾತ್ರ ಮರೆಯಬೇಡಿ, ಅದು ಬಿಟ್ಟುಹೋಗಿ ಹೊಸ ಪಂಪ್ ತಿರುಗದ ಗಾಡಿಗಳನ್ನು ನೋಡಿದ್ದೇನೆ.